ಸೊಗದೆ ಬೇರಿನ ರೂಟ್ ಬಿಯರ್ ಕೊನೆಗೂ ಕುದುರಿತು

ರೂಟ್ ಬಿಯರ್ ಎಂದರೆ ಮದ್ಯವಲ್ಲ, ಬೇರಿನ ಘಮದ ಅಮೆರಿಕದ ಸಿಹಿ ಸೋಡಾ. ಈ ಬಾರಿ ಮಾಡಿದ್ದನ್ನು ನನ್ನ ಗೆಳತಿ ಏನೂ ಮಾತಾಡದೆ ಕುಡಿದು ಎರಡನೇ ಲೋಟಕ್ಕೆ ಕೈಚಾಚಿದಳು. ಶಿಕಾಗೋದಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಇದ್ದು ಬಂದವಳು ಅವಳು. ರುಚಿ ಸರಿಯಿಲ್ಲದಿದ್ದರೆ ಸ್ನೇಹದ ಮುಲಾಜಿಗೆ ಹೊಗಳುವ ಜಾಯಮಾನದವಳಲ್ಲ. ಹಿಂದಿನ ಎಷ್ಟೋ ಬಾಟಲಿಗಳನ್ನು ನನ್ನ ಕಣ್ಣೆದುರೇ ಕರಿಬೇವಿನ ಗಿಡದ ಬುಡಕ್ಕೆ ಸುರಿದಿದ್ದಾಳೆ. "ಕಷಾಯಕ್ಕೆ ಗ್ಯಾಸ್ ತುಂಬಿದರೆ ಅಮೆರಿಕ ಬಂದುಬಿಡುತ್ತದೆಯೇ?" ಎಂದು ನಾಲ್ಕೈದು ವರ್ಷ ಆಡಿಕೊಂಡ ನೆಂಟರಿಷ್ಟರು ಈಗ ಖಾಲಿ ಬಾಟಲಿ ಹಿಡಿದು ಬರುತ್ತಿದ್ದಾರೆ. ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಿಕ್ಕಿಲ್ಲ.

ಮನೆಯಲ್ಲಿ ಶುಂಠಿ ಸೋಡಾ, ಹಣ್ಣಿನ ಸೋಡಾ ಹುದುಗಿಸಿ ರೂಢಿಯಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯೀಸ್ಟ್ ಎಂದರೇನು, ಬಾಟಲಿ ಏಕೆ ಗಟ್ಟಿಯಾಗುತ್ತದೆ ಎಂಬುದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಜಗಳೂರು ಕಡೆಯವಳು, ಅವಳು ದುರ್ಗದವಳು. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ, ಅದರ ಖಾರ ಇಳಿಸಲು ಗೋಲಿ ಸೋಡಾ. ಸೋಡಾದ ಗೋಲಿಯನ್ನು ಹೆಬ್ಬೆರಳಲ್ಲಿ ಒತ್ತಿ ಒಳಗೆ ಬೀಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಓದು ಮುಗಿದ ಮೇಲೆ ಅವಳು ಶಿಕಾಗೋಗೆ ಹೋದಳು, ನಾನು ಮದುವೆಯಾಗಿ ದಾವಣಗೆರೆಯಲ್ಲೇ ಉಳಿದು ಉಪ್ಪಿನಕಾಯಿ ವ್ಯಾಪಾರಕ್ಕಿಳಿದೆ. ಮಿಡಿ, ನಿಂಬೆ, ಮಾಕಳಿ ಬೇರು. ಈ ಮಾಕಳಿ ಬೇರೇ ಮುಂದೆ ನನ್ನ ಕೈಹಿಡಿದದ್ದು.

ಬೇಸ್‌ಬಾಲ್ ಹುಚ್ಚನ್ನು ಹಚ್ಚಿದವಳು ಅವಳೇ. ಶಿಕಾಗೋ ಕಬ್ಸ್ ತಂಡ 1908ರ ನಂತರ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ; ಅಂಥ ತಂಡವನ್ನೇ ಹುಡುಕಿ ಕಟ್ಟಿಕೊಂಡದ್ದು ಅವಳ ಸ್ವಭಾವ. 2016ರ ಫೈನಲ್ ಸರಣಿಯ ಏಳನೇ ಪಂದ್ಯ ನಮಗೆ ನವೆಂಬರ್ 3ರ ಬೆಳಿಗ್ಗೆ ಐದೂವರೆಗೆ ಶುರುವಾಯಿತು. ದೀಪಾವಳಿ ಆಗಷ್ಟೇ ಮುಗಿದಿತ್ತು. ಆರಕ್ಕೆ ಮೂರರಿಂದ ಮುಂದಿದ್ದವರು ಎಂಟನೇ ಇನ್ನಿಂಗ್‌ನಲ್ಲಿ ಮುಗ್ಗರಿಸಿದರು; ರಜಾಯ್ ಡೇವಿಸ್ ಹೊಡೆದ ಹೋಮ್ ರನ್ನಿಂದ ಸ್ಕೋರು ಸಮವಾಯಿತು. ಒಂಬತ್ತು ಇನ್ನಿಂಗ್ ಮುಗಿಯುತ್ತಲೇ ಮಳೆ ಬಂತು, ಹದಿನೇಳು ನಿಮಿಷ ಆಟ ನಿಂತಿತು. ಆ ಹದಿನೇಳು ನಿಮಿಷವೂ ಅವಳು ಫೋನಿನಲ್ಲಿ ನನ್ನನ್ನು ಬೈದಳು, ನಾನು ನೋಡಲು ಕೂತದ್ದರಿಂದಲೇ ಹೀಗಾಯಿತಂತೆ. ಹತ್ತನೇ ಇನ್ನಿಂಗ್‌ನಲ್ಲಿ ಎಂಟು–ಏಳರಿಂದ ಗೆದ್ದಾಗ ನಮ್ಮಲ್ಲಿ ಬೆಳಿಗ್ಗೆ ಹತ್ತೂಕಾಲು. ಒಲೆಯ ಮೇಲಿದ್ದ ಮೆಂತ್ಯ ಕರಕಲಾಗಿತ್ತು, ಕೆಲಸದ ಹೆಂಗಸರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆವತ್ತಿನಿಂದ ನಾನೂ ಕಬ್ಸ್.

ಕೊರೊನಾ ಕಳೆದ ಮೇಲೆ ಅವಳು ದುರ್ಗಕ್ಕೆ ವಾಪಸು ಬಂದಳು. ಅಪ್ಪ-ಅಮ್ಮನಿಗೆ ವಯಸ್ಸಾಗಿತ್ತು, ಹಿರಿಯೂರು ರಸ್ತೆಯಲ್ಲಿ ದಾಳಿಂಬೆ ತೋಟವಿತ್ತು. ಅಂದಿನಿಂದ ಬೇಸ್‌ಬಾಲ್ ಋತುವಿನುದ್ದಕ್ಕೂ ಆಗಾಗ ಶನಿವಾರ ಸಂಜೆ ಬಸ್ ಹತ್ತಿ ಬರುತ್ತಾಳೆ. ದುರ್ಗದಿಂದ ಇಲ್ಲಿಗೆ ಅರವತ್ತು ಕಿಲೋಮೀಟರು. ಕಬ್ಸ್‌ನ ರಿಗ್ಲಿ ಫೀಲ್ಡ್ ಮೈದಾನಕ್ಕೆ 1988ರವರೆಗೆ ದೀಪಗಳೇ ಇರಲಿಲ್ಲ, ಇವತ್ತಿಗೂ ಅಲ್ಲಿ ಹಗಲಾಟವೇ ಹೆಚ್ಚು. ಅಲ್ಲಿನ ಮಧ್ಯಾಹ್ನ ಒಂದೂ ಇಪ್ಪತ್ತು ಎಂದರೆ ನಮಗೆ ರಾತ್ರಿ ಹನ್ನೊಂದೂ ಐವತ್ತು. ಬೇರೆ ತಂಡಗಳ ಅಭಿಮಾನಿಗಳಂತೆ ನಸುಕಿನ ನಾಲ್ಕೂವರೆಗೆ ಅಲಾರಂ ಇಟ್ಟು ಏಳುವ ಪಾಡು ನಮಗಿಲ್ಲ. 2023ರಲ್ಲಿ ಚೆಂಡೆಸೆಯುವವನಿಗೆ ಗಡುವು ಹಾಕುವ ಗಡಿಯಾರ ಕೂರಿಸಿದ ಮೇಲೆ ಆಟವೂ ಚುರುಕಾಗಿದೆ. ಸಾಮಾನ್ಯವಾಗಿ ಎರಡೂವರೆ, ಮೂರು ಗಂಟೆಗೆಲ್ಲ ಮಲಗಿಬಿಡುತ್ತೇವೆ. ನೋಡುವ ಚಂದಾ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಅದು ಅವಳ ಖರ್ಚು, ಕುಡಿಯುವುದು ತಿನ್ನುವುದು ನನ್ನ ಖರ್ಚು ಎಂಬುದು ನಮ್ಮ ಒಪ್ಪಂದ.

ತಕರಾರು ಹುಟ್ಟಿದ್ದು ಅಲ್ಲಿಂದಲೇ. ನಾವಿಬ್ಬರೂ ಮದ್ಯ ಮುಟ್ಟುವವರಲ್ಲ. ಮೈದಾನದಲ್ಲಿ ಅವಳು ಅಷ್ಟು ವರ್ಷ ಕುಡಿದದ್ದು ರೂಟ್ ಬಿಯರ್. ಇಲ್ಲಿ ಮಜ್ಜಿಗೆ ಕೊಟ್ಟೆ, ಪಾನಕ ಕೊಟ್ಟೆ, ನನ್ನಾರಿ, ಅಂದರೆ ಸೊಗದೆ ಬೇರಿನ ಶರಬತ್ತು ಕೊಟ್ಟೆ. ಶರಬತ್ತು ಕುಡಿದಾಗ ಮಾತ್ರ, "ಇದರ ಹಿಂದೆ ಎಲ್ಲೋ ಅದು ಇದೆ" ಎಂದಳು. ಬೆಂಗಳೂರಿನಲ್ಲಿ ಆಮದು ಡಬ್ಬಿ ಸಿಗುತ್ತದೆ, ಒಂದಕ್ಕೆ ನೂರೈವತ್ತಕ್ಕೆ ಕಡಿಮೆಯಿಲ್ಲ. ಅಷ್ಟು ಕೊಟ್ಟು ಸಕ್ಕರೆ ನೀರು ಕುಡಿಯಲು ನನ್ನ ವ್ಯಾಪಾರಿ ಮನಸ್ಸು ಒಪ್ಪಲಿಲ್ಲ. ಅಮೆರಿಕದ ಹಳೆಯ ಪಾಕದಲ್ಲಿದ್ದ ಸಸ್ಸಾಫ್ರಾಸ್ ಬೇರನ್ನು ಹುಡುಕಿ ಹೋಗಬೇಡಿ. ಅದರಲ್ಲಿರುವ ಸಾಫ್ರೋಲ್ ಅನ್ನು ಅಮೆರಿಕವೇ 1960ರಲ್ಲಿ ಆಹಾರದಿಂದ ಹೊರಗಿಟ್ಟಿದೆ. ನಮ್ಮ ಸೊಗದೆ ಮತ್ತು ಮಾಕಳಿ ಬೇರುಗಳಿಗೆ ವೆನಿಲ್ಲಾ ಹೋಲುವ ಘಮ ಹುಟ್ಟಿನಿಂದಲೇ ಇದೆ. ಎರಡರಲ್ಲೂ ಇರುವ ಪರಿಮಳದ ಅಂಶ ವೆನಿಲ್ಲಿನ್‌ಗೆ ಒಡಹುಟ್ಟಿದ್ದೇ.

ಮೊದಲ ವರ್ಷವೆಲ್ಲ ಬೇರನ್ನು ಕುದಿಸುವುದರಲ್ಲೇ ಹಾಳಾಯಿತು. ಮನೆ ತುಂಬ ಘಮ, ಪಾತ್ರೆಯಲ್ಲಿ ಮಾತ್ರ ಕಂದು ಬಣ್ಣದ ಒಗರು ನೀರು. ಆ ಪರಿಮಳ ಆವಿಯ ಜೊತೆ ಎದ್ದು ಹೋಗುವಂಥದ್ದು. ಈಗ ನೀರು ಎಂಬತ್ತು ಡಿಗ್ರಿ ಆಸುಪಾಸಿಗೆ ಬಂದಾಗ ಒಲೆ ಆರಿಸಿ, ಬೇರು ಹಾಕಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹೊದಿಸಿ ಬೆಳಗಿನವರೆಗೆ ಬಿಡುತ್ತೇನೆ. ಬೇರಿನಲ್ಲೂ ತೊಗಟೆಗಷ್ಟೇ ಬೆಲೆ, ನಡುವಿನ ಕಟ್ಟಿಗೆಯಲ್ಲಿ ಏನೂ ಇಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವಾಗ ಒಂದು ಬೇರನ್ನು ಮುರಿದು, ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಿ. ಘಮ ಮೂಗಿಗೆ ಹೊಡೆಯದಿದ್ದರೆ ಅದು ಎರಡು ಮೂರು ವರ್ಷ ಗೋಣಿಯಲ್ಲಿ ಮಲಗಿದ ಮಾಲು. ಒಬ್ಬ ವ್ಯಾಪಾರಿ ಅಂಥ ಮಾಲನ್ನೇ ಕಿಲೋಗೆ ಏಳು ನೂರರಂತೆ ನನ್ನ ಕೊರಳಿಗೆ ಕಟ್ಟಿದ್ದ. ಉಪ್ಪಿನಕಾಯಿಗೆಂದು ಮಾಕಳಿ ತಂದುಕೊಡುವವರ ಬಳಿ ಸೊಗದೆಯನ್ನೂ ಹೇಳಿಟ್ಟ ಮೇಲೆ ಐನೂರರೊಳಗೆ ಹಸಿ ಮಾಲು ಸಿಗುತ್ತಿದೆ. ಮಾಕಳಿಯನ್ನು ಕಾಡಿನಲ್ಲಿ ಬುಡಸಮೇತ ಕಿತ್ತು ಕಿತ್ತು ಈಗ ಅಳಿವಿನಂಚಿಗೆ ತಂದಿದ್ದಾರೆ. ಅದಕ್ಕೇ ಗೆಳತಿ ದಾಳಿಂಬೆ ತೋಟದ ಬದುವಿಗೆ ಎರಡೂ ಬಳ್ಳಿಗಳನ್ನು ನೆಡಿಸಿದ್ದಾಳೆ. ಸೊಗದೆ ಹಬ್ಬಿದೆ, ಮಾಕಳಿ ಇನ್ನೂ ಮುನಿಸಿಕೊಂಡಿದೆ.

ಇಪ್ಪತ್ತು ಲೀಟರಿಗೆ ಎರಡೂ ಬೇರುಗಳ ತೊಗಟೆ ಸೇರಿ ನಾನೂರು ಗ್ರಾಂ ಹಾಕುತ್ತೇನೆ. ಯಾವುದು ಎಷ್ಟು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದನ್ನು ಕಂಡುಕೊಳ್ಳಲು ಸುರಿದ ಹಣ ನನ್ನದು. ಸಿಹಿ ಎರಡು ಕಿಲೋ. ಪೂರ್ತಿ ಬೆಲ್ಲ ಹಾಕಿದರೆ ಕಬ್ಬಿನ ಗಾಣದ ವಾಸನೆ ಬೇರನ್ನು ನುಂಗಿಬಿಡುತ್ತದೆ, ಪೂರ್ತಿ ಸಕ್ಕರೆಯಾದರೆ ಮೈಯೇ ಇರುವುದಿಲ್ಲ. ಮುಕ್ಕಾಲು ಸಕ್ಕರೆ, ಕಾಲು ಭಾಗ ಜೋನಿ ಬೆಲ್ಲ ಸರಿಹೋಯಿತು. ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಗೆಳತಿಯ ಮನೆಯ ಬೋರ್‌ವೆಲ್ ನೀರಿನಲ್ಲಿ ಮಾಡಿದಾಗ ನಿಂಬೆ ಎಷ್ಟು ಹಿಂಡಿದರೂ ಹುಳಿ ಏಳಲಿಲ್ಲ, ಸುಣ್ಣದಂಥ ಮಂಕು ರುಚಿ. ಆ ಗಡಸು ನೀರು ಹುಳಿಯನ್ನೆಲ್ಲ ಕುಡಿದುಬಿಡುತ್ತದೆ. ಶುದ್ಧ ನೀರಿನ ಘಟಕದ ಇಪ್ಪತ್ತು ಲೀಟರ್ ಕ್ಯಾನು ಸಾಕು, ಹತ್ತು ರೂಪಾಯಿ.

ಯೀಸ್ಟ್ ವಿಷಯದಲ್ಲಿ ತುಂಬ ಅಲೆದೆ. ಬೇಕರಿ ಯೀಸ್ಟ್ ಹಾಕಿದರೆ ಬನ್ನಿನ ವಾಸನೆ ಹೋಗಲೇ ಇಲ್ಲ. ಶುಂಠಿಯ ಹುದುಗು ಚೆನ್ನಾಗಿತ್ತು, ಆದರೆ ಪ್ರತಿ ಸಲವೂ ಬೇರೆ ಬೇರೆ ರುಚಿ. ಒಮ್ಮೆ ಅಮೃತ, ಮುಂದಿನ ವಾರ ಹಳಸಿದ ಅಂಬಲಿ. ಶಾಂಪೇನ್ ಯೀಸ್ಟ್ ತರಿಸಿದ ಮೇಲೆ ಹಿಡಿತ ಸಿಕ್ಕಿತು. ಇಪ್ಪತ್ತು ಲೀಟರಿಗೆ ಕಾಲು ಟೀ ಚಮಚ. ಅದಕ್ಕಿಂತ ಹೆಚ್ಚು ಹಾಕಿ ನನ್ನ ಹತ್ತಿರ ದೂರು ತರಬೇಡಿ.

ದಾವಣಗೆರೆಯ ಬೇಸಿಗೆಯನ್ನು ಯಾವ ಪಾಕಪುಸ್ತಕವೂ ಲೆಕ್ಕಕ್ಕೆ ಹಿಡಿದಿಲ್ಲ. "ಮೂರು ದಿನ ಹೊರಗಿಡಿ" ಎಂದು ಬರೆದವರು ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಗೆ ಬಂದು ನಿಲ್ಲಬೇಕಿತ್ತು. ಮೂವತ್ತೆಂಟು ಡಿಗ್ರಿ ಸೆಖೆಯಲ್ಲಿ ಗಾಜಿನ ಬಾಟಲಿಗಳು ಒಂದೇ ಮಧ್ಯಾಹ್ನ ಸಾಲಾಗಿ ಸಿಡಿದವು. ಛಾವಣಿಯ ಕಲೆ ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ, ಗಾಜಿನ ಚೂರು ವಾರದ ನಂತರವೂ ಅಕ್ಕಿ ಡಬ್ಬದ ಹಿಂದೆ ಸಿಗುತ್ತಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಅಂದಿನಿಂದ ನಮ್ಮ ಮನೆಗೆ ಗಾಜು ನಿಷಿದ್ಧ. ಸೋಡಾ ತುಂಬಿ ಬಂದ ದಪ್ಪ ಪ್ಲಾಸ್ಟಿಕ್ ಬಾಟಲಿಗಳಷ್ಟೇ. ಬೇಸಿಗೆಯಲ್ಲಿ ರಾತ್ರಿ ತುಂಬಿದರೆ ಬೆಳಿಗ್ಗೆ ಒತ್ತಿ ನೋಡುತ್ತೇನೆ, ಹೆಬ್ಬೆರಳು ಇಳಿಯದಿದ್ದರೆ ನೇರ ಫ್ರಿಜ್ಜಿಗೆ. ಡಿಸೆಂಬರಿನಲ್ಲಿ ಅದೇ ಕೆಲಸಕ್ಕೆ ಎರಡು ಮೂರು ದಿನ ಬೇಕು. ಹೀಗೆ ಬೇಗ ತಣಿಸಿದರೆ ಮದ್ಯದಂಶ ಹೆಸರಿಗಷ್ಟೇ ಇರುತ್ತದೆ, ಹೊರಗೆ ಮರೆತರೆ ಹೆಸರಿಗೆ ತಕ್ಕ ಹಾಗೆಯೇ ಆಗುತ್ತದೆ, ಎಚ್ಚರ.

ಇಷ್ಟಾದರೂ ಗೆಳತಿ ತಲೆಯಾಡಿಸುತ್ತಲೇ ಇದ್ದಳು. "ಏನೋ ಒಂದು ಇಲ್ಲ." ಆ ಏನೋ ಯಾವುದೆಂದು ಗೊತ್ತಾದದ್ದು ಅವಳು ಮೊಣಕಾಲು ನೋವಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದ ಒಂದು ರಾತ್ರಿ. ಮುಚ್ಚಳ ತೆಗೆದು ಮೂಸಿ, "ಇದೇ!" ಎಂದು ಕೂಗಿದಳು. ಅಮೆರಿಕದ ರೂಟ್ ಬಿಯರಿನಲ್ಲಿ ವಿಂಟರ್‌ಗ್ರೀನ್ ಎಂಬ ಗಿಡದ ಘಮ ಇರುತ್ತದೆ. ನಮ್ಮವರ ಮೂಗಿಗೆ ಅದು ನೋವಿನ ಮುಲಾಮಿನ ವಾಸನೆ. ನನ್ನ ಯಜಮಾನರು ಇವತ್ತಿಗೂ ಇದನ್ನು ಕುಡಿಯದಿರಲು ಅದೇ ಕಾರಣ. ಊಟಿಯಲ್ಲಿ ಮಾರುವ ವಿಂಟರ್‌ಗ್ರೀನ್ ಎಣ್ಣೆ ತರಿಸಿ ಪ್ರಯೋಗಕ್ಕಿಳಿದವರಿಗೆ ಒಂದು ಮಾತು: ಆ ಎಣ್ಣೆ ಒಂದು ಟೀ ಚಮಚದಷ್ಟಿದ್ದರೆ ಇಪ್ಪತ್ತರಷ್ಟು ಆಸ್ಪಿರಿನ್ ಮಾತ್ರೆಗೆ ಸಮ, ಮಕ್ಕಳ ಪ್ರಾಣಕ್ಕೇ ಸಂಚಕಾರ. ಆ ಶೀಶೆಯನ್ನು ನಾನು ಅಡುಗೆಮನೆಗೆ ಬಿಟ್ಟುಕೊಳ್ಳಲೇ ಇಲ್ಲ. ಅದರ ಬದಲು ಅಡುಗೆಗೆ ಬಳಸುವ ಒಂದು ಎಲೆ, ಒಂದು ತೊಗಟೆ ಸೇರಿಸಿ ಆ ಜಾಡಿಗೆ ಹತ್ತಿರ ಬಂದಿದ್ದೇನೆ. ದಯವಿಟ್ಟು ಹೆಸರು ಕೇಳಬೇಡಿ. ದುರ್ಗದ ಸಂತೆಯಲ್ಲೇ ಸಿಗುತ್ತದೆ ಎಂಬಷ್ಟು ಹೇಳಿದ್ದೇ ಹೆಚ್ಚಾಯಿತು.

ನಡುವೆ ಇನ್ನೊಂದು ಹುಚ್ಚಾಟ ನಡೆಯಿತು. ಮೈದಾನದಲ್ಲಿ ಸಿಪ್ಪೆಸಮೇತ ಉಪ್ಪು ಹಿಡಿದ ಕಡಲೆಕಾಯಿ ತಿನ್ನುತ್ತಾರಂತೆ. ಪಕ್ಕದಲ್ಲೇ ಚಳ್ಳಕೆರೆ, ಕಡಲೆಕಾಯಿಗೆ ಬರವೇ? ಸಿಪ್ಪೆಯ ಹೊರಗೆ ಉಪ್ಪು ಸವರಿದರೆ ಬೆರಳಷ್ಟೇ ಉಪ್ಪಾಯಿತು. ಲೀಟರಿಗೆ ನೂರು ಗ್ರಾಂ ಉಪ್ಪಿನ ನೀರಿನಲ್ಲಿ, ತೇಲದಂತೆ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿದೆ. ಮನೆಯ ಬಾಣಲೆಯಲ್ಲಿ ಹುರಿದದ್ದು ಅರ್ಧ ಹಸಿ, ಅರ್ಧ ಕರಕಲು. ಕೊನೆಗೆ ಪರಿಚಯದ ಮಂಡಕ್ಕಿ ಭಟ್ಟಿಯವರ ಕೈಕಾಲು ಹಿಡಿದು ಕಾದ ಮರಳಿನಲ್ಲಿ ಹುರಿಸಿದೆ. ಮೊದಲು ನಕ್ಕರು, ಆಮೇಲೆ ಒಂದು ಮುಷ್ಟಿ ತಿಂದು, ಇನ್ನೂ ಒಂದು ಮುಷ್ಟಿ ಜೇಬಿಗೆ ಹಾಕಿಕೊಂಡರು. ಶಿಕಾಗೋದಲ್ಲಿ ತಿಂದದ್ದಕ್ಕಿಂತ ಇದೇ ಮೇಲು ಎಂದು ಗೆಳತಿ ಒಪ್ಪಿದ್ದಾಳೆ. ರಾಗಿ ಅಂಬಲಿಗೆ ಗ್ಯಾಸ್ ಹಿಡಿಸಲು ಹೋದ ಕಥೆಯನ್ನು ಮಾತ್ರ ಹೇಳುವುದಿಲ್ಲ.

ಲೆಕ್ಕ ಕೇಳುವವರಿಗೆ: ಹಾಳಾದ ಪಾಕ, ಒಡೆದ ಬಾಟಲಿ, ಹಳೆಯ ಬೇರು, ಛಾವಣಿಯ ಸುಣ್ಣ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು. ಈಗ ಲೀಟರಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ ಬೀಳುತ್ತದೆ. ಮಾರು ಎಂದು ಮಗ ದುಂಬಾಲು ಬಿದ್ದಿದ್ದಾನೆ. ನನಗೆ ಉಪ್ಪಿನಕಾಯಿಯ ಪರವಾನಗಿ, ತಪಾಸಣೆಗಳೇ ಸಾಕಾಗಿವೆ. ಅಂಗಡಿಯಲ್ಲಿ ಬಿಸಿಲಿಗೆ ನಿಂತರೆ ಸಿಡಿಯುವ ಮಾಲನ್ನು ಯಾರ ಕೈಗೂ ಕೊಡಲಾರೆ.

ಈಗ ಗೆಳತಿಗೆ ಹೊಸ ಬೇಡಿಕೆ, ಇದರಲ್ಲಿ ವೆನಿಲ್ಲಾ ಐಸ್‌ಕ್ರೀಮ್ ತೇಲಿಸಿ ಕೊಡಬೇಕಂತೆ. ಸೊಗದೆ ಬೇರಿಗೆ ಮೊದಲೇ ನೊರೆಯ ಗುಣವಿದೆ. ಲೋಟ ತುಂಬಿಸಿ ಐಸ್‌ಕ್ರೀಮ್ ಇಳಿಬಿಟ್ಟಾಗ ನೊರೆ ಉಕ್ಕಿ ಟೀಪಾಯಿ, ರಿಮೋಟು, ಅವಳ ಸೀರೆಯ ನೆರಿಗೆ ಎಲ್ಲಕ್ಕೂ ಅಭಿಷೇಕವಾಯಿತು. ಆಟ ಆಗ ಏಳನೇ ಇನ್ನಿಂಗ್‌ನಲ್ಲಿತ್ತು, ನಮ್ಮವರು ಸೋಲುತ್ತಿದ್ದರು. ಮೊದಲು ಉದ್ದನೆಯ ಲೋಟವನ್ನು ಫ್ರೀಜರಿನಲ್ಲಿ ಇಡಿ, ತಳಕ್ಕೆ ಐಸ್‌ಕ್ರೀಮ್ ಹಾಕಿ, ಬಾಟಲಿಯನ್ನು ಅಂಚಿಗೆ ಓರೆಯಾಗಿ ಹಿಡಿದು ಮೂರು ಕಂತಿನಲ್ಲಿ ಸುರಿಯಿರಿ. ಪ್ರತಿ ಕಂತಿನ ನಡುವೆ ಒಬ್ಬ ಬ್ಯಾಟರ್ ಔಟಾಗುವಷ್ಟು ಹೊತ್ತು ಕಾಯಿರಿ.