ಬೀರುವನ್ನು ಗೋಡೆಗೆ ಬಿಗಿಯುವುದು ಹೇಗೆ?

ಭೂಕಂಪ ಅಂದ ಕೂಡಲೇ ಕುಸಿದ ಕಟ್ಟಡವೇ ಕಣ್ಣಮುಂದೆ ಬರುತ್ತದೆ. ಆದರೆ ಗೋಡೆ, ತಾರಸಿ ಎರಡೂ ಗಟ್ಟಿಯಾಗಿ ನಿಂತ ಮನೆಯೊಳಗೂ ಜನರಿಗೆ ಪೆಟ್ಟಾಗುತ್ತದೆ. ಅಲ್ಲಿ ಬೀಳುವುದು ಬೀರು, ಕಪಾಟು, ಅದರ ಮೇಲಿಟ್ಟ ಸೂಟ್‌ಕೇಸ್. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಮಿ ನಡುಗಿದ್ದು ಬೆಳಗಿನ ಜಾವ 5.46ಕ್ಕೆ. ಬಹಳಷ್ಟು ಜನ ಇನ್ನೂ ಹಾಸಿಗೆಯಲ್ಲೇ ಇದ್ದರು. ಮನೆ ಕುಸಿದು ಸತ್ತವರ ಜೊತೆಗೆ, ಮೈಮೇಲೆ ಬೀರು ಬಿದ್ದು ಸತ್ತವರೂ ಇದ್ದರು. ಭೂಕಂಪವೇ ಆಗಬೇಕೆಂದೂ ಇಲ್ಲ. ಪುಟ್ಟ ಮಗು ಡ್ರಾಯರ್‌ಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತಿದರೂ ಸಾಕು.

ಮೊದಲು ಜಾಗ ನೋಡಿ. ಬಿದ್ದರೆ ಹಾಸಿಗೆಯ ಮೇಲೆ ಬೀಳುವಂತೆ, ಅಥವಾ ಬಾಗಿಲಿಗೆ ಅಡ್ಡ ಬೀಳುವಂತೆ ಇದ್ದರೆ ಬೀರುವನ್ನು ಸರಿಸಿ. ಭಾರದ ಸಾಮಾನು ಕೆಳಗಿನ ಖಾನೆಗೆ, ಹಗುರದ್ದು ಮೇಲಕ್ಕೆ. ಮೇಲಿನ ಸೂಟ್‌ಕೇಸ್ ಇಳಿಸಿಬಿಡಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಆಮೇಲೆ ಬೇಕಾದ ಸಾಮಾನು. ಎರಡು ಕಬ್ಬಿಣದ ಎಲ್ ಆಂಗಲ್ (ಒಂದು ಮಗ್ಗುಲು ಬೀರುವಿಗೆ, ಇನ್ನೊಂದು ಗೋಡೆಗೆ ಕೂರುವ L ಆಕಾರದ ಪಟ್ಟಿ), ಪ್ಲಾಸ್ಟಿಕ್ ಪ್ಲಗ್ (ಗೋಡೆಯ ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ಕೊಳವೆ), ಅದಕ್ಕೆ ಹೊಂದುವ ಸ್ಕ್ರೂ, ಡ್ರಿಲ್. ಎರಡೂ ಕಡೆ ಅಂಟುವ ಟೇಪು, ಅಂಟಿನ ಪಟ್ಟಿ ಅಂತ ಮಾರುತ್ತಾರಲ್ಲ, ತುಂಬಿದ ಬೀರುವಿಗೆ ಅದನ್ನು ನಂಬಬೇಡಿ. ಟೇಪು ಹಿಡಿಯುವುದು ಸುಣ್ಣಬಣ್ಣವನ್ನು, ಗೋಡೆಯನ್ನಲ್ಲ. ಎಳೆದರೆ ಬಣ್ಣದ ಸಮೇತ ಕಿತ್ತು ಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ: ತೂತು ಕೊರೆಯುವುದು. ಪರಿಚಯದವರ ಮನೆಯಲ್ಲಿ ‘ಭದ್ರವಾಗಿ ಬಿಗಿಸಿದ್ದೀವಿ’ ಎಂದ ಬೀರುವಿನ ತಲೆಯನ್ನು ಹಿಡಿದು ನಾನು ಮೆಲ್ಲಗೆ ಎಳೆದೆ. ಸ್ಕ್ರೂ, ಪ್ಲಗ್ಗು, ಒಂದು ಹಿಡಿ ಬಿಳಿ ಪುಡಿ, ಎಲ್ಲ ಒಟ್ಟಿಗೆ ಈಚೆ ಬಂತು, ಹಾಲುಹಲ್ಲು ಕಿತ್ತ ಹಾಗೆ. ಆ ಪ್ಲಗ್ಗು ಇಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಬರೀ ಪ್ಲಾಸ್ಟರಿಂಗ್‌ನಲ್ಲಿ ಕೂತಿತ್ತು.

ಹಾಗಾಗಿ ಕೊರೆಯುವಾಗ ಉದುರುವ ಪುಡಿಯನ್ನು ನೋಡುತ್ತಿರಿ. ಮೊದಲು ಬಿಳಿ ಅಥವಾ ಬೂದು ಪುಡಿ, ಅದು ಗಾರೆ. ಕೆಂಪು ಪುಡಿ ಬಂದಮೇಲೆ ಇಟ್ಟಿಗೆ. ಪ್ಲಗ್ಗಿನ ಪೂರ್ತಿ ಉದ್ದ ಆ ಕೆಂಪಿನೊಳಗೆ ಕೂರಬೇಕು. 50 ಮಿಲಿಮೀಟರ್ ಪ್ಲಗ್ಗಾದರೆ, ಗಾರೆಯ ದಪ್ಪ ಬಿಟ್ಟು 60 ಮಿಲಿಮೀಟರ್ ಕೊರೆಯಿರಿ. ಡ್ರಿಲ್ಲಿನ ಬಿಟ್ಟಿಗೆ, ಅಂದರೆ ಕೊರೆಯುವ ಕಡ್ಡಿಗೆ, ಅಳತೆಯ ಜಾಗದಲ್ಲಿ ಬಣ್ಣದ ಟೇಪು ಸುತ್ತಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. 8 ಮಿಲಿಮೀಟರ್ ಪ್ಲಗ್ಗಿಗೆ 8ರದ್ದೇ ಬಿಟ್ಟು. ‘ಸಲೀಸಾಗಿ ಹೋಗಲಿ’ ಅಂತ 10ರದ್ದು ಹಾಕಿದರೆ ಪ್ಲಗ್ಗು ತೂತಿನಲ್ಲೇ ಗಿರಗಿರ ತಿರುಗುತ್ತದೆ. ಆಗ ಬೆಂಕಿಕಡ್ಡಿ ತುರುಕಿ ಬಿಗಿ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಹಾಳಾದ ತೂತನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕೊರೆಯಿರಿ.

ಬಿಟ್ಟು ಮೆತ್ತಗೆ ಬೆಣ್ಣೆಯಲ್ಲಿ ಇಳಿದಂತೆ ಹೋದರೆ ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಬಿದ್ದಿದ್ದೀರಿ. ಮೂರು ನಾಲ್ಕು ಸೆಂಟಿಮೀಟರ್ ಮೇಲೆ ಹೋಗಿ. ಇದ್ದಕ್ಕಿದ್ದಂತೆ ದಬಕ್ಕನೆ ಒಳಗೆ ಹೋದರೆ ಅದು ಟೊಳ್ಳು ಬ್ಲಾಕಿನ ಗೋಡೆ. ಅಲ್ಲಿ ಮಾಮೂಲಿ ಪ್ಲಗ್ಗು ನಿಲ್ಲುವುದಿಲ್ಲ. ಒಳಗೆ ಹೋಗಿ ಛತ್ರಿಯಂತೆ ಬಿಚ್ಚಿಕೊಳ್ಳುವ ಬೋಲ್ಟು ಬೇಕು. ಕೊರೆಯುವಾಗ ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನೂ ಆಫ್ ಮಾಡಿ, ಇಲ್ಲದಿದ್ದರೆ ಬ್ಲಾಕೇ ಒಡೆಯುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಲೇಬೇಡಿ. ವೈರು ಸಾಮಾನ್ಯವಾಗಿ ಅಲ್ಲೇ ಓಡಿರುತ್ತದೆ.

ಕೊರೆದ ಮೇಲೆ ತೂತಿನೊಳಗಿನ ಪುಡಿ ತೆಗೆಯಿರಿ. ಇದನ್ನು ಮಾಡುವವರೇ ಕಡಿಮೆ. ಪುಡಿ ಉಳಿದರೆ ಪ್ಲಗ್ಗು ಅರ್ಧಕ್ಕೇ ನಿಲ್ಲುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಚೆನ್ನಾಗಿ ಹೋಗುತ್ತದೆ. ಬಾಯಿಂದ ಊದಿದರೆ ಕಣ್ಣಿಗೇ ಬರುತ್ತದೆ, ನನಗೆ ಬಂದಿದೆ.

ಇನ್ನು ಬೀರುವಿನ ಕಡೆ. ಆಂಗಲ್ಲನ್ನು ಬೀರುವಿನ ತಲೆಯ ಮೇಲೆ, ಎರಡು ಮೂಲೆಗಳಿಗೆ ಹತ್ತಿರವಾಗಿ ಹಾಕಿ. ಮಧ್ಯೆ ಒಂದೇ ಒಂದು ಹಾಕಿದರೆ ಬೀರು ತಿರುಚಿಕೊಳ್ಳುತ್ತದೆ. ಮರದ್ದಾದರೆ ಚೌಕಟ್ಟಿಗೇ ಸ್ಕ್ರೂ ಹಾಕಿ, ಹಿಂಬದಿಯ ತೆಳು ಪ್ಲೈಗೆ ಅಲ್ಲ. ಸ್ಟೀಲ್ ಬೀರುವಿನ ತಗಡಿಗೆ ಸ್ಕ್ರೂ ಸಾಲದು, ತಗಡು ಹರಿದು ಬರುತ್ತದೆ. ನಟ್ಟು ಬೋಲ್ಟು ಹಾಕಿ, ಒಳಗಡೆ ಅಗಲವಾದ ವಾಷರ್ ಕೊಡಿ.

ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ (ನೆಲಕ್ಕೆ ತಾಗಿ ಓಡುವ ಉಬ್ಬು ಪಟ್ಟಿ) ಇದ್ದರೆ ಬೀರು ಗೋಡೆಗೆ ಅಂಟಿಕೊಳ್ಳುವುದಿಲ್ಲ, ಸಂದಿ ಉಳಿಯುತ್ತದೆ. ಸುಮ್ನೆ ಸ್ಕ್ರೂ ಬಿಗಿದು ಎಳೆದರೆ ಬೀರು ಹಿಂದಕ್ಕೆ ವಾಲಿ ಬಾಗಿಲು ಕೂರುವುದಿಲ್ಲ. ಅಷ್ಟೇ ದಪ್ಪದ ಮರದ ಪಟ್ಟಿಯನ್ನು ತಲೆಯ ಹತ್ತಿರ, ಬೀರು ಮತ್ತು ಗೋಡೆಯ ನಡುವೆ ಇಟ್ಟು ಆಮೇಲೆ ಬಿಗಿಯಿರಿ.

ಕೊನೆಗೆ ಬೀರುವನ್ನು ತುಂಬಿಸಿ, ತಲೆ ಹಿಡಿದು ಜೋರಾಗಿ ಎಳೆದು ನೋಡಿ. ಕಟಕಟ ಸದ್ದು ಬಂದರೆ ಪ್ಲಗ್ಗು ಸಡಿಲವಿದೆ ಅಂತಲೇ ಲೆಕ್ಕ. ಮುಂದೆ ಎಂದಾದರೂ ಬೀರು ಸರಿಸಿದರೆ ಹಳೇ ಪ್ಲಗ್ಗನ್ನು ಮತ್ತೆ ಬಳಸಬೇಡಿ.