ಬೀರುವಿನ ಕೀ

ನೊಂದ ಹೆಂಗಸರಿಗೆ ನೆರವಾಗುವ ಸಂಘಕ್ಕೆ ನಾನು ಅಧ್ಯಕ್ಷೆಯಾದ ಎರಡನೇ ದಿನ. ನಮ್ಮ ಕೇಂದ್ರದ ಆಪ್ತ ಸಮಾಲೋಚಕಿ ಚಹಾ ತಂದುಕೊಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು. "ಮೇಡಂ, ತಪ್ಪು ತಿಳೀಬೇಡಿ. ಬೀರುವಿನ ಕೀ ನನಗೆ ಕೊಡ್ತೀರಾ?"

ಹಿಂದಿನ ಅಧ್ಯಕ್ಷರು ನನಗೆ ಒಪ್ಪಿಸಿದ್ದು ಮೂರೇ ವಸ್ತು. ಸಂಘದ ಮೊಹರು, ಚೆಕ್ ಬುಕ್, ಆ ಕೀ. ಬೀರುವಿನಲ್ಲಿ ಕೇಂದ್ರಕ್ಕೆ ಬಂದ ಹೆಂಗಸರ ಫೈಲುಗಳಿದ್ದವು. ನನಗೆ ಸಿಟ್ಟೇ ಬಂತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವಳು ನಾನು. ತಿಜೋರಿ ಕೀ ಕಾದವಳನ್ನೇ ಇವರು ನಂಬಲ್ವಾ? "ನೋಡೋಣ" ಅಂದೆ. ಕೊಡಲಿಲ್ಲ.

ಅವರು ಯಾಕೆ ಕೇಳಿದರು ಅಂತ ತಿಳಿಯಲು ಐದು ತಿಂಗಳು ಬೇಕಾಯಿತು. ಅದೂ ಒಬ್ಬ ಹೆಣ್ಣುಮಗಳಿಗೆ ನನ್ನಿಂದ ತೊಂದರೆ ಆದ ಮೇಲೆ.

ನಮ್ಮದು ದಾವಣಗೆರೆಯ ಹಳೇ ಊರಿನಲ್ಲಿರುವ ಸಣ್ಣ ಸಂಘ. ಗಂಡನ ಮನೆಯಲ್ಲಿ ಹೊಡೆತ ತಿಂದವರು, ಮನೆಯಿಂದ ಹೊರಗೆ ಹಾಕಿಸಿಕೊಂಡವರು ಬರುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು ಬರುತ್ತಾರೆ, ವಿದ್ಯಾನಗರದ ದೊಡ್ಡ ಮನೆಗಳವರೂ ಬರುತ್ತಾರೆ. ಜಗಳೂರು, ಹರಿಹರದ ಕಡೆಯಿಂದ ಬಸ್ ಹತ್ತಿ ಬಂದು ಸಂಜೆಯೊಳಗೆ ವಾಪಸ್ ಹೋಗಬೇಕಾದವರು ಜಾಸ್ತಿ. ಸಮಿತಿಯಲ್ಲಿ ಏಳು ಜನ. ಯಾರಿಗೂ ಸಂಬಳವಿಲ್ಲ. ಸಂಬಳ ಇರುವುದು ಇಬ್ಬರು ಸಮಾಲೋಚಕಿಯರಿಗೆ ಮತ್ತು ಒಬ್ಬ ಸಹಾಯಕಿಗೆ.

ಆ ವರ್ಷ ಮಾರ್ಚ್ 8ರ ಮಹಿಳಾ ದಿನಾಚರಣೆ ಜೋರಾಗಿ ಆಗಲಿ ಅಂತ ನನಗೆ ಆಸೆ. ಭಾನುವಾರ ಒಬ್ಬಳೇ ಹೋಗಿ ಬೀರು ತೆಗೆದೆ. ಫೈಲುಗಳಿಂದ ನಂಬರ್ ಬರೆದುಕೊಂಡು ಒಂದೊಂದಾಗಿ ಫೋನ್ ಮಾಡಿದೆ. ಬ್ಯಾಂಕಿನಲ್ಲಿ ಗ್ರಾಹಕರನ್ನು ಸಭೆಗೆ ಕರೆಯುತ್ತಿದ್ದೆವಲ್ಲ, ಹಾಗೇ. ಒಂದು ಕಡೆ ಗಂಡಸರು ಎತ್ತಿದರು. ನಾನು ಸಂಘದ ಹೆಸರು ಹೇಳಿ, "ನಿಮ್ಮ ಮನೆಯವರನ್ನ ಕಾರ್ಯಕ್ರಮಕ್ಕೆ ಕಳಿಸ್ರಿ" ಅಂದೆ. ಅವರು ಬಹಳ ಮರ್ಯಾದೆಯಿಂದ "ಆಗಲಿ ಮೇಡಂ, ಕಳಿಸ್ತೀನಿ" ಅಂದರು.

ಆ ರಾತ್ರಿ ಆ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯ ಮಾತು, ನನ್ನದಲ್ಲ. ಎರಡೂವರೆ ತಿಂಗಳು ಆಕೆ ನಮ್ಮ ಕಡೆ ಬರಲಿಲ್ಲ.

ಸಮಾಲೋಚಕಿ ನನ್ನನ್ನು ಬೈಯಲಿಲ್ಲ. ಫೈಲಿನ ಮೊದಲ ಹಾಳೆ ತೋರಿಸಿದರು, ಅಷ್ಟೇ. ಮೇಲೆ ಕೆಂಪು ಇಂಕಿನಲ್ಲಿ ಬರೆದಿತ್ತು: "ಈ ನಂಬರಿಗೆ ಫೋನ್ ಬೇಡ. ತಾಯಿ ಮನೆ ನಂಬರಿಗೆ, ಮಂಗಳವಾರ ಮಧ್ಯಾಹ್ನ ಮಾತ್ರ." ನಾನು ಅಂಕಿ ನೋಡಿದ್ದೆ, ಅಕ್ಷರ ನೋಡಿರಲಿಲ್ಲ. ಕೀಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಮುಂದಿನ ಸಭೆಯಲ್ಲಿ ಈ ತಪ್ಪನ್ನು ನಾನೇ ಹೇಳಿ, ಸಮಿತಿಯ ಯಾರೂ ಫೈಲ್ ಮುಟ್ಟಬಾರದು ಅಂತ ಠರಾವು ಬರೆಸಿದೆ.

ಒಬ್ಬ ಸದಸ್ಯರಿಗೆ ಇದು ಸರಿ ಕಾಣಲಿಲ್ಲ. "ಅಲ್ರೀ, ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲದೆ ಅಧ್ಯಕ್ಷರಾಗಿ ಏನು ಮಾಡ್ತೀರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸಿಕ್ಕಿದ್ದು ಫೋನಿನಲ್ಲಿ.

ದಾವಣಗೆರೆಯಲ್ಲಿ ಒಂದು ಮದುವೆಗೆ ಹೋದರೆ ಅರ್ಧ ಊರು ಸಿಗುತ್ತದೆ. ಯಾರ ಮಗಳು ಎಲ್ಲಿ ಹೋದಳು ಅನ್ನುವ ಸುದ್ದಿ ಊಟದ ಪಂಕ್ತಿಯಲ್ಲೇ ಓಡಾಡುತ್ತದೆ. ಒಂದು ದಿನ ಮಂಡಿಪೇಟೆಯ ಹಿರಿಯರೊಬ್ಬರು ಫೋನ್ ಮಾಡಿದರು. ನಮಗೆ ವರ್ಷಾ ವರ್ಷ ದೇಣಿಗೆ ಕೊಡುತ್ತಿದ್ದವರು. "ತಂಗೀ, ನಮ್ಮ ಹುಡುಗನ ಹೆಂಡ್ತಿ ನಿಮ್ಮಲ್ಲಿಗೆ ಬಂದಿದಾಳಂತೆ. ಕೂರಿಸಿ ನಾಕು ಬುದ್ಧಿಮಾತು ಹೇಳಿ ಕಳಿಸ್ರಿ."

"ಅಣ್ಣಾರೆ, ಅಲ್ಲಿಗೆ ಯಾರು ಬರ್ತಾರೆ ಅಂತ ನನಗೇ ಗೊತ್ತಿರಲ್ಲ. ಬೀರುವಿನ ಕೀನೂ ನನ್ನ ಹತ್ರ ಇಲ್ಲ."

ಅವರು ನಂಬಲಿಲ್ಲ. ಆದರೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಸುಳ್ಳು ಹೇಳುವುದು ನನಗೆ ಬರುವುದೂ ಇಲ್ಲ, ಮುಖದಲ್ಲೇ ಗೊತ್ತಾಗಿಬಿಡುತ್ತದೆ. ಕೀ ನನ್ನ ಕೈಲಿದ್ದಿದ್ದರೆ ಆ ಫೋನಿನಲ್ಲಿ ನಾನು ತೊದಲುತ್ತಿದ್ದೆ. ಆಮೇಲೆ ಇಂಥ ಫೋನು ಎಷ್ಟು ಬಂದವೋ. ಎಲ್ಲರಿಗೂ ಅದೇ ಮಾತು. ಸಮಾಲೋಚಕಿಯರ ಫೋನಿಗೆ ಹೋಗಬೇಕಾದ ಕರೆಗಳು ನನ್ನ ಹತ್ತಿರ ನಿಂತವು. ಆ ಸದಸ್ಯರಿಗೆ ಹೇಳಿದೆ, ಇದನ್ನೇ ಮಾಡ್ತೀನಿ ನೋಡಿ ಅಂತ.

ಆದರೆ ಸಮಿತಿಯವರ ನೆಂಟರೇ ಆದರೆ? ಅದೂ ಒಮ್ಮೆ ಆಯಿತು. ಸದಸ್ಯರಿಗೆ ಸಂಬಂಧವಿದ್ದರೆ ದೂರ ಇರಬೇಕು ಅಂತ ನಿಯಮ ಮಾಡುವುದು ಸುಲಭ. ಸಂಬಂಧ ಇದೆಯಾ ಅಂತ ತಿಳಿಯಲು ಬಂದವರ ಹೆಸರು ಸದಸ್ಯರಿಗೆ ಹೇಳಬೇಕಲ್ಲ! ಬಹಳ ದಿನ ಇದೇ ತಲೆನೋವು. ಕೊನೆಗೆ ತಿರುಗಿಸಿ ಮಾಡಿದೆವು. ಏಳೂ ಜನ ನಮ್ಮ ಹತ್ತಿರದ ನೆಂಟರು, ಅಂಗಡಿ, ಪಾಲುದಾರರು, ಬೀಗರ ಹೆಸರೆಲ್ಲ ಬರೆದು ಸಮಾಲೋಚಕಿಯರಿಗೆ ಕೊಟ್ಟೆವು. ಪಟ್ಟಿ ನಮ್ಮಿಂದ ಅವರಿಗೆ ಹೋಗುತ್ತದೆ, ಅವರಿಂದ ನಮಗೆ ಏನೂ ಬರುವುದಿಲ್ಲ. ಬಂದವರ ಕಡೆಯವರ ಹೆಸರು ಪಟ್ಟಿಯಲ್ಲಿ ಸಿಕ್ಕರೆ ಸಮಾಲೋಚಕಿಯರು ಸಮಿತಿಗೆ ಸೇರದ ಒಬ್ಬ ವಕೀಲರ ಹತ್ತಿರ ಹೋಗುತ್ತಾರೆ. ಆರು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಪಟ್ಟಿ.

ಹೆಚ್ಚು ಜಗಳ ಆದದ್ದು ವಾರ್ಷಿಕ ವರದಿಯ ಒಂದು ಕಾಲಂ ಮೇಲೆ. "ರಾಜಿಯಾದವು" ಅನ್ನುವ ಕಾಲಂ. ಅಲ್ಲಿ ಅಂಕಿ ದೊಡ್ಡದಿದ್ದರೆ ಸಭೆಯಲ್ಲಿ ಚಪ್ಪಾಳೆ. ನಾನೂ ತಟ್ಟಿದ್ದೇನೆ. "ರಾಜಿ ಆದವರಲ್ಲಿ ಎಷ್ಟು ಜನ ಮತ್ತೆ ಮೆಟ್ಟಿಲು ಹತ್ತಿದ್ರು ಅಂತ ಯಾರಾದ್ರೂ ಕೇಳಿದೀರಾ?" ಅಂತ ಸಮಾಲೋಚಕಿ ಕೇಳಿದಾಗ ಎಲ್ಲರೂ ಚಹಾ ಲೋಟ ನೋಡುತ್ತ ಕೂತೆವು. "ಹೊಂದಿಕೊಂಡು ಹೋಗಮ್ಮ" ಅಂತ ಹೇಳಿ ಕಳಿಸುವುದಕ್ಕೆ ತವರು ಮನೆ ಸಾಕು, ಊರ ಹಿರಿಯರು ಸಾಕು. ಅದಕ್ಕೊಂದು ಸಂಘ ಬೇಕಾ? ಆ ಕಾಲಂ ತೆಗೆದು ಎರಡು ಹಾಕಿದೆವು: ಬಂದವರು ಏನು ಕೇಳಿದರು, ಮೂರು ತಿಂಗಳ ನಂತರ ಹೇಗಿದ್ದಾರೆ. ಮೊದಲ ವರ್ಷ ವರದಿ ನೋಡಲು ಬಡವಾಗಿ ಕಂಡಿತು. ಕಂಡರೆ ಕಾಣಲಿ.

ಕಾನೂನಿನ ವಿಷಯದಲ್ಲೂ ನಮ್ಮ ಸಮಿತಿಗೆ ಪಾಠ ಬೇಕಿತ್ತು. ಕೇಸು ಅಂದರೆ ಸಂಸಾರ ಮುರಿದ ಹಾಗೆ ಅನ್ನುವುದೇ ನಮ್ಮೆಲ್ಲರ ತಲೆಯಲ್ಲಿತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅದರಲ್ಲಿ ವಿಚ್ಛೇದನ ಕೇಳದೆಯೂ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ, ಮನೆಯಲ್ಲೇ ವಾಸಿಸುವ ಆದೇಶ, ಖರ್ಚಿನ ಹಣ ಪಡೆಯಬಹುದು. ಹೆಂಡತಿಯೇ ಆಗಬೇಕಿಲ್ಲ, ತಾಯಿ, ಅಕ್ಕತಂಗಿಯರೂ ಕೇಳಬಹುದು. ರಕ್ಷಣೆಯ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. "ಮನೆ ಮಾವನ ಹೆಸರಲ್ಲಿದೆ, ಅವಳಿಗೇನು ಹಕ್ಕು?" ಅಂತ ಒಬ್ಬರು ವಾದ ಹಾಕಿದರು. ವಕೀಲರು ಸುಪ್ರೀಂ ಕೋರ್ಟಿನ 2020ರ ತೀರ್ಪು ಓದಿ ಹೇಳಿದರು. ಸೊಸೆ ಬಾಳಿದ ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿರುವ ಹಕ್ಕನ್ನು ತಳ್ಳಿಹಾಕುವಂತಿಲ್ಲ. ಆ ದಿನ ಸಭೆ ಬೇಗ ಮುಗಿಯಿತು.

ಹಣದ ಕಥೆ ಎಲ್ಲ ಸಂಘಗಳದ್ದೂ ಒಂದೇ. ಅನುದಾನ ತಡವಾದರೆ ಸಂಬಳ ತಡ. ಸಂಬಳ ತಡವಾದರೆ ಒಳ್ಳೆ ಸಮಾಲೋಚಕಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಅವರ ಜೊತೆ ಹೆಂಗಸರ ನಂಬಿಕೆಯೂ ಹೋಗುತ್ತದೆ. ಮೂರು ತಿಂಗಳ ಸಂಬಳ ಯಾವಾಗಲೂ ಠೇವಣಿಯಲ್ಲಿ ಇರಲೇಬೇಕು ಅಂತ ಹಟ ಹಿಡಿದೆ. ಅದನ್ನು ಕೂಡಿಸಲು ಎರಡು ವರ್ಷ ಅಂಗಡಿ ಅಂಗಡಿ ಅಲೆದೆ. ಹೊಲಿಗೆ ಯಂತ್ರ ಕೊಡಲು ಜನ ಸಿಗುತ್ತಾರೆ, ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಹೊಲಿಗೆ ಯಂತ್ರದ ಜೊತೆ ಫೋಟೊ ಇರುತ್ತದಲ್ಲ! ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹೆಣ್ಣುಮಗಳು, ಮರುದಿನ ಪೇಪರಿನಲ್ಲಿ. ಫೋಟೊ ಇಲ್ಲ ಅಂದಿದ್ದಕ್ಕೆ ಒಬ್ಬ ದಾನಿ ಕೈಬಿಟ್ಟರು. ಫೋಟೊ ಬದಲು ನಾನು ಒಂದು ಅಂಕಿ ಒಯ್ಯುತ್ತಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಕಂಡವರು. "ನಿಮ್ಮ ಅಂಗಡೀಲಿ ಎಷ್ಟು ಜನ ಹೆಣ್ಮಕ್ಕಳು ಕೆಲಸ ಮಾಡ್ತಾರೆ ಅಣ್ಣಾರೆ?" ಅಂತ ಕೇಳಿ ಸುಮ್ಮನಾಗುತ್ತಿದ್ದೆ. ಕೆಲವರು ಲೆಕ್ಕ ಹಾಕಿ ಚೆಕ್ ಬರೆದರು. ಕೆಲವರು ಬೆಣ್ಣೆ ದೋಸೆ ತಿನ್ನಿಸಿ ಕಳಿಸಿದರು.

ಲೆಕ್ಕಪತ್ರ, ಆಡಿಟ್, ವಾರ್ಷಿಕ ಸಭೆಯ ನಂತರ ನೋಂದಣಾಧಿಕಾರಿಗೆ ಕಳಿಸುವ ಕಾಗದ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ನವೀಕರಣ, ಇವೆಲ್ಲ ಬ್ಯಾಂಕಿನವಳಿಗೆ ಕಷ್ಟವಾಗಲಿಲ್ಲ.

ನನ್ನ ಎರಡನೇ ಅವಧಿಯಲ್ಲಿ ಭಟ್ಟಿಯಲ್ಲಿ ದುಡಿಯುವ ಒಬ್ಬರನ್ನು ಸಮಿತಿಗೆ ಕರೆದೆವು. ಹಿಂದೆ ಇದೇ ಕೇಂದ್ರಕ್ಕೆ ಬಂದು ಹೋಗಿದ್ದವರು, ಒಪ್ಪಿಯೇ ಬಂದರು. ಅವರಿಗಾಗಿ ಸಭೆಯನ್ನು ಬೆಳಿಗ್ಗೆಯಿಂದ ಸಂಜೆಗೆ ಹಾಕಿಕೊಂಡೆವು. ಮೂರು ಸಭೆ ಒಂದು ಮಾತೂ ಆಡಲಿಲ್ಲ. ನಾಲ್ಕನೆಯದರಲ್ಲಿ, ಹೊಸ ನಾಮಫಲಕಕ್ಕೆ ಎಷ್ಟು ಖರ್ಚು ಅಂತ ನಾವು ಚರ್ಚೆ ಮಾಡುತ್ತಿದ್ದಾಗ ಕೇಳಿದರು. "ಅಮ್ಮಾರೆ, ದೌರ್ಜನ್ಯ ಅಂತ ಅಷ್ಟು ದಪ್ಪಗೆ ಬರೆಸಿದ್ರೆ ಮೆಟ್ಟಿಲು ಹತ್ತೋರನ್ನ ಬೀದಿ ಎಲ್ಲಾ ನೋಡ್ತಾರಲ್ಲ? ನಾನು ಬರುವಾಗ ಕೆಳಗಿನ ಟೈಲರ್ ಹತ್ರ ರವಿಕೆ ಹೊಲಿಸಾಕೆ ಅಂತ ಹೇಳಿ ಬರ್ತಿದ್ದೆ."

ಇಪ್ಪತ್ತು ವರ್ಷದ ಸಂಘ. ಯಾರಿಗೂ ಹೊಳೆದಿರಲಿಲ್ಲ. ಹೊಸ ಫಲಕ ಬರೆಸಲಿಲ್ಲ, ಹಳೆಯದನ್ನೂ ಇಳಿಸಿದೆವು. ಈಗ ಮೆಟ್ಟಿಲ ಮೇಲಿನ ಬಾಗಿಲಿಗೆ ಮಾತ್ರ ಅಂಗೈ ಅಗಲದ ಒಂದು ಹಲಗೆ ಇದೆ. ಟೈಲರ್ ಹತ್ತಿರ ಮಾತಾಡಿದೆವು. ಯಾರಾದರೂ ಹೆಂಡತಿಯನ್ನು ಹುಡುಕಿಕೊಂಡು ಬಂದರೆ "ಅಳತೆ ಕೊಟ್ಟು ಹೋದ್ರು" ಅಂತಾರೆ.

ಮೂರು ವರ್ಷದ ಎರಡು ಅವಧಿ ಮುಗಿಸಿ ಇಳಿದೆ. ನಮ್ಮ ನಿಯಮದಲ್ಲಿ ಮೂರನೆಯದಿಲ್ಲ. ಮಂಡಿಪೇಟೆಯ ಆ ಹಿರಿಯರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈ ಸಲ ತಮ್ಮ ಮಗಳ ವಿಷಯಕ್ಕೆ. ಏನು ಅಂತ ನಾನು ಕೇಳಲಿಲ್ಲ. ಕೇಂದ್ರದ ನಂಬರ್ ಕೊಟ್ಟೆ, ಮಗಳೇ ಮಾಡಲಿ ಅಂದೆ, ರಾತ್ರಿ ಹೊತ್ತು ಏನಾದರೂ ಆದರೆ ಮಹಿಳಾ ಸಹಾಯವಾಣಿ 181 ಅಂದೆ. "ಕೆಳಗೆ ಟೈಲರ್ ಅಂಗಡಿ ಇದೆ ಅಣ್ಣಾರೆ, ಮೆಟ್ಟಿಲು ಅದರ ಪಕ್ಕಕ್ಕೇ."