ಗೋಡೆಯೊಳಗೆ ಸ್ಪೀಕರ್: ಯಾವ ನೆಲದಿಂದ ಅಳೆದಿರಿ?

"ಯಾವ ನೆಲದಿಂದ್ರೀ ಸರ?" ಎಂದು ನಮ್ಮ ಗೌಂಡಿ ಕೇಳಿದಾಗ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೊಸ ಮನೆ ಕಟ್ಟುವಾಗಲೇ ಹಾಲ್‌ನ ಟಿವಿಗೆ ಗೋಡೆಯೊಳಗೆ ಸ್ಪೀಕರ್ ಕೂರಿಸಲು ಹೊರಟಿದ್ದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ನೆಲದಿಂದ 3 ಅಡಿ 2 ಇಂಚು" ಎಂದು ದೊಡ್ಡದಾಗಿ ಬರೆದಿದ್ದೆ. ಬಾಡಿಗೆ ಮನೆಯ ಸೋಫಾದ ಮೇಲೆ ಕೂತು ಕಿವಿಯ ಎತ್ತರ ಅಳೆದುಕೊಂಡು ಬಂದಿದ್ದೆ. ಸ್ಪೀಕರಿನ ಟ್ವೀಟರ್, ಅಂದರೆ ಕೀರಲು ದನಿ ಹೊರಡಿಸುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕೆ ಬರಬೇಕು, ಅದು ಸರಿ. ಆದರೆ ನಾನು ನಿಂತಿದ್ದದ್ದು ಒರಟು ನೆಲದ ಮೇಲೆ. ಅದರ ಮೇಲೆ ಇನ್ನೂ ಫರಸಿ ಕೂಡಬೇಕಿತ್ತು. ಕಲ್ಲು, ಕೆಳಗಿನ ಸಿಮೆಂಟು ಎಲ್ಲ ಸೇರಿ ಮೂರು ಇಂಚು ಏರುತ್ತದೆ. ನನ್ನ ಗುರುತಿಗೇ ಕೂರಿಸಿದ್ದರೆ ಸ್ಪೀಕರ್ ಅಷ್ಟೇ ಕೆಳಗೆ ಉಳಿಯುತ್ತಿತ್ತು.

ಅಂದಿನಿಂದ ಎಲ್ಲ ಅಳತೆಯನ್ನೂ ಗೌಂಡಿ ನೀರಿನ ಪೈಪು ಹಿಡಿದು ಎಳೆದ ಲೆವೆಲ್ ಗೆರೆಯಿಂದಲೇ ತೆಗೆದುಕೊಂಡೆ. ಆ ಗೆರೆಗೆ ಫರಸಿಯ ಮೇಲ್ಮೈ ಎಲ್ಲಿ ಬರುತ್ತದೆ ಅನ್ನೋದು ಗೊತ್ತಿರುತ್ತದೆ. ನನ್ನ ಟೇಪಿಗೆ ಗೊತ್ತಿರಲಿಲ್ಲ.

ಮನೆ ರಾಯಚೂರಿನಲ್ಲಿ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಟಿವಿ 12 ಅಡಿಯ ಗೋಡೆಗೆ. ಮೊದಲು ಮಾಡಿದ್ದ ನಕ್ಷೆಯಲ್ಲಿ ಸ್ಪೀಕರ್‌ಗಳು ಇದ್ದವು, ಸೋಫಾ ಇರಲಿಲ್ಲ! ಎಲ್ಲರೂ ಮಾಡುವ ತಪ್ಪು ಅನ್ನಿಸುತ್ತದೆ. ಶಬ್ದ ಕೇಳೋದು ಕೂತವರಿಗೆ, ಹಾಗಾಗಿ ಕೂರುವ ಜಾಗವೇ ಮೊದಲು. ಸೋಫಾವನ್ನು ಟಿವಿಯಿಂದ 10 ಅಡಿಗೆ ಗಟ್ಟಿ ಮಾಡಿ, ಅಲ್ಲಿಂದ ದಾರ ಎಳೆದೆ. ಮುಂದಿನ ಎರಡು ಸ್ಪೀಕರ್‌ಗಳು ಕೇಳುವವನ ನೇರ ನೋಟದಿಂದ 22ರಿಂದ 30 ಡಿಗ್ರಿ ಓರೆಗೆ ಇರಬೇಕು. 30 ಡಿಗ್ರಿ ಹಿಡಿದರೆ ಟಿವಿಯ ನಡುವಿನಿಂದ ಸುಮಾರು 5 ಅಡಿ 9 ಇಂಚು ಆಗುತ್ತದೆ, ಅಂದರೆ ಮೂಲೆಗೆ ಅಂಟಿಕೊಂಡ ಹಾಗೆ. ಮೂಲೆಗೆ ಹೋದರೆ ಬೇಸ್, ಅಂದರೆ ಗುಡುಗಿನಂಥ ದಪ್ಪ ದನಿ, ಉಬ್ಬುತ್ತದೆ, ಮಾತು ಗೊಗ್ಗರಾಗುತ್ತದೆ. 22 ಡಿಗ್ರಿಗೆ 4 ಅಡಿ ಬಂತು. ಮೂಲೆಯಿಂದ 2 ಅಡಿ ದೂರ. ಅದನ್ನೇ ಹಿಡಿದೆ. ಪಕ್ಕದ ಗೋಡೆಗಳ ಎರಡು ಸ್ಪೀಕರ್‌ಗಳನ್ನು ಸೋಫಾಗಿಂತ 2 ಅಡಿ ಹಿಂದೆ, ಕಿವಿಗಿಂತ 2 ಅಡಿ ಮೇಲೆ ಇಟ್ಟೆ. ನೇರ ನೋಟದಿಂದ ಲೆಕ್ಕ ಹಾಕಿದರೆ 108 ಡಿಗ್ರಿ. 100ರಿಂದ 120ರ ನಡುವೆ ಇರಬೇಕು ಅಂತಾರೆ, ಇದೆ.

ಇನ್ನು ಗೋಡೆ. ಅಂಗಡಿಯಲ್ಲಿ ಸಿಗುವ ಈ ಸ್ಪೀಕರ್‌ಗಳು ಜಿಪ್ಸಮ್ ಬೋರ್ಡಿನ ಗೋಡೆಗೆ ಅಂತ ಮಾಡಿದವು. ಸ್ಕ್ರೂ ತಿರುಗಿಸಿದರೆ ಹಿಂದಿರುವ ಕ್ಲಿಪ್ಪಿನಂಥ ಕಿವಿಗಳು ತೆರೆದುಕೊಂಡು ಬೋರ್ಡನ್ನು ಕಚ್ಚುತ್ತವೆ. ನಮ್ಮ ಕಡೆ ಬೋರ್ಡ್ ಎಲ್ಲಿದೆ? ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇರೋದರಿಂದ ನಮ್ಮ ಮನೆ ಕಲ್ಲಿದ್ದಲ ಬೂದಿಯಿಂದ ಮಾಡಿದ ಇಟ್ಟಿಗೆಯದು. ಹೊರಗಿನ ಗೋಡೆ 9 ಇಂಚು. ಅದನ್ನು ಆಮೇಲೆ ಕೊರೆಯೋದಕ್ಕಿಂತ ಕಟ್ಟುವಾಗಲೇ ಜಾಗ ಬಿಡಿಸೋಣ ಅಂತ ಗೌಂಡಿಗೆ ಒಂದು ತಾಸು ವಿವರಿಸಿದೆ. ಅವರು ತಲೆ ಕೆರೆದುಕೊಂಡು, "ಮಾಡ ಬಿಡಬೇಕು ಅಂತ ಹೇಳ್ರಲಾ!" ಅಂದರು. ಹೌದಲ್ಲ, ಹಳೆ ಮನೆಗಳಲ್ಲಿ ದೀಪ ಇಡೋಕೆ ಬಿಡುತ್ತಿದ್ದ ಗೂಡು. ಅಷ್ಟೇ. ಮೇಲೊಂದು ಫರಸಿ ತುಂಡು ಹಾಸಿ ಚೆಂದಾಗಿ ಬಿಟ್ಟುಕೊಟ್ಟರು.

ಆ ಗೂಡಿನೊಳಗೆ ಪ್ಲೈವುಡ್ ಪೆಟ್ಟಿಗೆ. ಒಳಗಡೆ 14 ಇಂಚು ಎತ್ತರ, 10 ಅಗಲ, 5 ಆಳ. ಅಂದರೆ 11 ಲೀಟರಿನಷ್ಟು ಗಾಳಿ. ಸ್ಪೀಕರಿನ ಆರೂವರೆ ಇಂಚಿನ ಕೋನ್, ಅಂದರೆ ಅದುರಿ ಶಬ್ದ ಮಾಡುವ ತಟ್ಟೆ, ಹಿಂದಕ್ಕೂ ಗಾಳಿ ತಳ್ಳುತ್ತದೆ, ಅದಕ್ಕೆ ಉಸಿರಾಡಲು ಜಾಗ ಬೇಕು. ಸ್ಪೀಕರಿನ ಕಿವಿಗಳಿಗೆ ಕಚ್ಚಲು ಪ್ಲೈವುಡ್ಡಿನ ಅಂಚೂ ಸಿಕ್ಕಿತು. ಪೆಟ್ಟಿಗೆ ಕೂರಿಸುವ ಮೊದಲು ಗೆದ್ದಲಿನ ಔಷಧಿ ಎರಡು ಸಲ ಬಳಿಸಿದೆ.

ಎಡಗಡೆಯದು ಅವ್ವನ ಕೋಣೆಗೂ ಹಾಲ್‌ಗೂ ನಡುವಿನ 4 ಇಂಚಿನ ಗೋಡೆ. ಅಲ್ಲಿ ಗೂಡು ಬಿಟ್ಟರೆ ಆಚೆ ಬದಿಗೆ ಪ್ಲಾಸ್ಟರ್ ಮಾತ್ರ ಉಳಿಯುತ್ತದೆ. ಸ್ಪೀಕರ್ ಅವ್ವನ ತಲೆದಿಂಬಿನ ಪಕ್ಕಕ್ಕೇ ಬಂದ ಹಾಗೆ. ಹಾಗಾಗಿ ಆ ಗೋಡೆಯನ್ನು ಮುಟ್ಟಲೇ ಇಲ್ಲ. ಅದರ ಮುಂದೆ 4 ಇಂಚು ಬಿಟ್ಟು ಕಬ್ಬಿಣದ ಚಾನೆಲ್ ನಿಲ್ಲಿಸಿ, ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆಸಿ, ಗೋಡೆಗೂ ಬೋರ್ಡಿಗೂ ನಡುವೆ ರಾಕ್‌ವುಲ್, ಅಂದರೆ ಶಬ್ದ ಹೀರುವ ಕಲ್ಲಿನ ನಾರು, ತುಂಬಿಸಿದೆ. ಹಾಲ್ ಅಷ್ಟು ಕಿರಿದಾಯಿತು, ಖರ್ಚೂ ಜಾಸ್ತಿ ಆಯಿತು. ಆದರೂ ಬೇಸ್ ಸ್ವಲ್ಪ ಆಚೆ ಹೋಗುತ್ತದೆ, ಅದನ್ನು ಪೂರ್ತಿ ತಡೆಯೋಕೆ ಆಗಲ್ಲ. ರಾತ್ರಿ 9 ಆದ ಮೇಲೆ ಬೇಸ್‌ಗೆಂದೇ ಇರುವ ಸ್ಪೀಕರ್, ಸಬ್‌ವೂಫರ್, ಬಂದ್ ಅಂತ ಅವ್ವನ ಜೊತೆ ಒಪ್ಪಂದ.

ವೈರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ದೂರದ ಸ್ಪೀಕರಿಗೆ ಮಾಳಿಗೆ ಸುತ್ತಿ ಹೋಗುವ ದಾರಿ 18 ಮೀಟರ್, ಹೋಗಿ ಬರೋದು ಸೇರಿ 36. ಇಷ್ಟಕ್ಕೆ 16 ಗೇಜಿನ ತಾಮ್ರದ ವೈರ್ ಕರೆಂಟಿಗೆ ಒಡ್ಡುವ ತಡೆ ಸುಮಾರು 0.47 ಓಮ್ ಆಗುತ್ತದೆ. 8 ಓಮ್ ಸ್ಪೀಕರಿಗೆ 5 ಶೇಕಡಾ, ಅಂದರೆ 0.4 ದಾಟಬಾರದು. ಗೇಜ್ ಅಂಕಿ ಇಳಿದಷ್ಟೂ ವೈರ್ ದಪ್ಪ; 14 ಗೇಜಿಗೆ 0.3 ಬಂತು, ಅದನ್ನೇ ಹಾಕಿಸಿದೆ. ಮೊದಲು ಅಂಗಡಿಯವರು ಕೊಟ್ಟ ಕಟ್ಟು ಹಗುರ ಅನ್ನಿಸಿ ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆಲ್ಲ ಬಿಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ! ವಾಪಸ್ ಕೊಟ್ಟೆ. ಕರೆಂಟಿನ ಹುಡುಗ "ಉಳಿದ ಮನೆ ವೈರೇ ಐತಲ್ರೀ" ಅಂದ. ಅದರ ತಾಮ್ರವೂ ಸಾಕಾಗುತ್ತಿತ್ತು, ಆದರೆ ನಾಳೆ ಯಾರಾದರೂ ಅದನ್ನು ಲೈಟಿನ ವೈರ್ ಅಂದುಕೊಂಡು ಜೋಡಿಸಿದರೆ?

ಕರೆಂಟಿನ ಪೈಪಿನಿಂದ ಒಂದು ಅಡಿ ದೂರ, ದಾಟಲೇಬೇಕಾದರೆ ಅಡ್ಡಡ್ಡ, ಒಂದೇ ಪೈಪಿನಲ್ಲಂತೂ ಬೇಡವೇ ಬೇಡ. ಪ್ರತಿ ಪೈಪಿನಲ್ಲೂ ಒಂದು ನೈಲಾನ್ ದಾರ ಬಿಡಿಸಿದೆ, ಮುಂದೆ ಬೇರೆ ವೈರ್ ಎಳೆಯಲು. ಪ್ಲಾಸ್ಟರ್ ಮೆತ್ತುವ ಹಿಂದಿನ ದಿನ ಗೋಡೆಗೆ ಟೇಪ್ ಹಿಡಿದು ಫೋಟೋ ತೆಗೆದೆ. ಅದನ್ನು ಮಾಡದೆ ಯಾರೂ ಪ್ಲಾಸ್ಟರ್‌ಗೆ ಕೈ ಹಾಕಬೇಡಿ.

ಬಣ್ಣ ಮುಗಿದ ಮೇಲೆ ಒಂದು ಪಕ್ಕದ ಸ್ಪೀಕರ್ ಸೊರಗಿದಂತೆ ಕೇಳಿತು. ಟಾರ್ಚಿನ 1.5 ವೋಲ್ಟ್ ಸೆಲ್ಲನ್ನು ವೈರಿಗೆ ಮುಟ್ಟಿಸಿ ನೋಡಿದೆ. ಉಳಿದ ಕೋನ್‌ಗಳು ಮುಂದೆ ಬಂದವು, ಇದು ಹಿಂದೆ ಹೋಯಿತು. ಪ್ಲಸ್ ಮೈನಸ್ ಅದಲು ಬದಲು.

ಸಬ್‌ವೂಫರನ್ನು ಗೋಡೆಗೆ ಹಾಕಲಿಲ್ಲ. ಅದನ್ನು ಸೋಫಾದ ಮೇಲೆ ನಾನು ಕೂರುವ ಜಾಗದಲ್ಲಿಟ್ಟು, ಬೇಸ್ ಹಾಕಿ, ಹಾಲ್ ಸುತ್ತ ಅಂಬೆಗಾಲಿಟ್ಟೆ. ಎಲ್ಲಿ ಹದವಾಗಿ ಕೇಳುತ್ತದೋ ಅದೇ ಅದರ ಜಾಗ. ಹೆಂಡತಿ ಬಾಗಿಲಲ್ಲಿ ನಿಂತು, "ಏನು ಕಳಕೊಂಡ್ರಿ?" ಅಂದಳು. ಬಾಗಿಲ ಪಕ್ಕದ ಗೋಡೆ ಗೆದ್ದಿತು, ಅವಳ ತುಳಸಿ ಕುಂಡದ ಜಾಗ. ಕುಂಡ ಅಂಗಳಕ್ಕೆ ಹೋಯಿತು. ಅದಕ್ಕೆ ಬದಲಾಗಿ ಸ್ಪೀಕರ್ ಜಾಲರಿಗೆ ಗೋಡೆಯದೇ ಬಣ್ಣ ಹೊಡೆಸಿಕೊಟ್ಟೆ. ತೂತು ಮುಚ್ಚದ ಹಾಗೆ ತೆಳ್ಳಗೆ, ಸ್ಪ್ರೇಯಲ್ಲಿ.